ಅಪ್‌ಡೇಟ್: 9.9 ಸಾಕಾ, 15 ಬೇಕಾ? ಕೊನೆಗೆ ಆದದ್ದು

ಗಂಗೊಳ್ಳಿ ಅಳಿವೆ ಬದಿಯಲ್ಲಿ ಬಲೆ ಬಿಡುವ ನಮ್ಮ 20 ಅಡಿ ಫೈಬರ್ ದೋಣಿಗೆ ಹಿಂಬದಿಯಲ್ಲಿ ಕೂರಿಸುವ ಔಟ್‌ಬೋರ್ಡ್ ಇಂಜಿನ್ 9.9 ಎಚ್‌ಪಿಯದು ಸಾಕಾ, 15ಕ್ಕೆ ಹೋಗಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, 9.9ರಲ್ಲೇ ಉಳಿದೆ. ಬಲೆ, ಐಸು, ಮೂರು ಜನ ಹತ್ತಿದರೆ ಇಂಜಿನ್ ಏದುಸಿರು ಬಿಡುತ್ತಿತ್ತು. "ಮೊದಲು ಫ್ಯಾನ್ ಬದಲಿಸಿ ನೋಡು ಮಾರಾಯ" ಅಂದ ಅಣ್ಣನ ಮಾತೇ ಫಲಿಸಿತು. ಫ್ಯಾನ್ ಅಂದರೆ ನೀರು ತಳ್ಳುವ ಪ್ರೊಪೆಲ್ಲರ್. ಅದರ ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ, ಒಂದಿಂಚು ಇಳಿಸಿದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು (ಆರ್‌ಪಿಎಂ) ಸುಮಾರು 150–200 ಏರುತ್ತದಂತೆ. ನಾನು ಎರಡಿಂಚು ಕಡಿಮೆ ಪಿಚ್‌ನ ಫ್ಯಾನ್ ಹಾಕಿದೆ. ಈಗ ತುಂಬಿದ ದೋಣಿಯೂ ಸಲೀಸಾಗಿ ಎಳೆಯುತ್ತದೆ. ಖಾಲಿ ಇದ್ದಾಗ ಸ್ಪೀಡು ಚೂರು ಕಡಿಮೆ, ಅದೇನು ರೇಸಾ?

ಹಲಗೆ ಕೊಟ್ಟು ಇಂಜಿನ್ ಎತ್ತರಿಸುವ ಉಪಾಯ ನಡೆಯಲಿಲ್ಲ. ಅಳಿವೆ ಬಾಯಲ್ಲಿ ತೆರೆ ಎತ್ತಿದಾಗೆಲ್ಲ ಫ್ಯಾನ್ ಗಾಳಿ ಎಳೆದುಕೊಂಡು ಗರ್ರೆಂದು ಸುಮ್ಮನೆ ತಿರುಗುತ್ತಿತ್ತು, ದೋಣಿ ನಿಂತಲ್ಲೇ. 25 ಎಚ್‌ಪಿ ಹಾಕು ಅಂತ ಆಗ ಸಲಹೆ ಕೊಟ್ಟವರೇ, ಇಂಜಿನ್ ಕೂರಿಸುವ ನಮ್ಮ ಹಿಂಬದಿ ಹಲಗೆ ಆ ಭಾರ ತಡೆಯುವುದಿಲ್ಲ. ಅಷ್ಟು ಸೀಮೆಎಣ್ಣೆ ಎಲ್ಲಿಂದ ತರೋದು?

ನನಗೆ ಗೊತ್ತೇ ಇರದಿದ್ದದ್ದೊಂದು: ಕೆಲವು ಕಂಪನಿಗಳ 9.9 ಮತ್ತು 15ರ ಬ್ಲಾಕ್ (ಇಂಜಿನ್ನಿನ ಮುಖ್ಯ ಒಡಲು) ಒಂದೇ, ತೂಕವೂ ಹೆಚ್ಚುಕಮ್ಮಿ ಅಷ್ಟೇ.

ಹೊಸದು ತಗೊಳ್ಳುವವರು ಹಿಂಬದಿ ಹಲಗೆಯ ಎತ್ತರ ಅಳೆದುಕೊಂಡೇ ಅಂಗಡಿಗೆ ಹೋಗಿ. 15 ಇಂಚಿದ್ದರೆ ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಇಂಜಿನ್, 20 ಇದ್ದರೆ ಲಾಂಗ್ (ಉದ್ದ ಕಾಲಿನದು).