ಸಹಾಯ ಬೇಕು: 11 ಕೆವಿ ಕೇಬಲ್ ಫಾಲ್ಟ್, ದೂರ ಸಿಕ್ಕಿದೆ, ಜಾಗ ಸಿಗುತ್ತಿಲ್ಲ

3 ಕೋರ್, 240 ಚದರ ಮಿ.ಮೀ. ಅಲ್ಯೂಮಿನಿಯಂ ಎಕ್ಸ್‌ಎಲ್‌ಪಿಇ (ಪ್ಲಾಸ್ಟಿಕ್ ಇನ್ಸುಲೇಷನ್) ಕೇಬಲ್, ಉದ್ದ 1,840 ಮೀಟರ್, ನಡುವೆ ಎರಡು ಜಾಯಿಂಟ್. ಅರ್ಥ್ ಫಾಲ್ಟ್‌ನಲ್ಲಿ ಟ್ರಿಪ್ ಆಗಿದೆ. ಎರಡೂ ತುದಿ ಬಿಚ್ಚಿ 5 ಕೆವಿ ಮೆಗ್ಗರ್ (ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯುವ ಉಪಕರಣ) ಹಾಕಿದರೆ ಆರ್, ವೈ ಫೇಸ್ ಚೆನ್ನಾಗಿವೆ. ಬಿ ಫೇಸ್‌ಗೂ ಅರ್ಥ್‌ಗೂ ನಡುವೆ 2 ಮೆಗಾಓಮ್ ಮಾತ್ರ.

ಇಷ್ಟು ರೆಸಿಸ್ಟೆನ್ಸ್ ಇರುವಾಗ ಬರೀ ಟಿಡಿಆರ್‌ಗೆ (ಕೇಬಲ್‌ಗೆ ಪಲ್ಸ್ ಕಳಿಸಿ, ಅದು ಮರಳುವ ಸಮಯದಿಂದ ದೂರ ತೋರಿಸುವ ಉಪಕರಣ) ಫಾಲ್ಟ್ ಕಾಣುವುದಿಲ್ಲ, ಕಂಡೂ ಇಲ್ಲ. ಮೂರೂ ಫೇಸ್‌ನ ಗೆರೆ ಒಂದರ ಮೇಲೊಂದು ಕೂರುತ್ತದೆ, ಕೊನೆಯಲ್ಲಿ ತೆರೆದ ತುದಿಯ ಏರು ಅಷ್ಟೇ. ಒಳ್ಳೆಯ ಫೇಸ್‌ನ ಉದ್ದಕ್ಕೆ ಪಲ್ಸ್‌ನ ವೇಗ ಹೊಂದಿಸಿಕೊಂಡು ಆರ್ಕ್ ರಿಫ್ಲೆಕ್ಷನ್ (ಹೈ ವೋಲ್ಟೇಜ್‌ನಿಂದ ಫಾಲ್ಟ್‌ನಲ್ಲಿ ಕಿಡಿ ಹಾರಿಸಿ, ಆ ಕ್ಷಣದಲ್ಲೇ ಟಿಡಿಆರ್ ಗೆರೆ ನೋಡುವುದು) ಮಾಡಿದಾಗ 8 ಕೆವಿಗೆ ಏನೂ ಇಲ್ಲ. 12 ಕೆವಿಗೆ ಕಿಡಿ ಹಾರಿ, ಗೆರೆ 1,210 ಮೀಟರ್‌ನಲ್ಲಿ ಕೆಳಕ್ಕೆ ಬಿತ್ತು. ಇನ್ನೊಂದು ತುದಿಯಿಂದ 635. ಕೂಡಿಸಿದರೆ 1,845, ಹಾಗಾಗಿ ದೂರದ ಬಗ್ಗೆ ಅನುಮಾನವಿಲ್ಲ.

ತೊಡಕಿರುವುದು ನೆಲದ ಮೇಲೆ. ನಕ್ಷೆಯ ಪ್ರಕಾರ ಎರಡನೇ ಜಾಯಿಂಟ್ ಅಲ್ಲೇ ಇರಬೇಕು. ಸರ್ಜ್ (ಕೆಪಾಸಿಟರ್‌ನಿಂದ ಹೈ ವೋಲ್ಟೇಜ್ ಹೊಡೆತ) ಕೊಟ್ಟಾಗ ಗ್ರೌಂಡ್ ಮೈಕ್‌ನಲ್ಲಿ (ನೆಲದ ಮೇಲಿಟ್ಟು ಕಿಡಿಯ ಸದ್ದು ಹುಡುಕುವ ಉಪಕರಣ) ಅಯಸ್ಕಾಂತೀಯ ಸೂಚನೆ ಬರುತ್ತದೆ, ಸದ್ದು ಮಾತ್ರ ಇಲ್ಲ. ಹತ್ತಿಪ್ಪತ್ತು ಸರ್ಜ್ ಆದ ಮೇಲೆ ಕಿಡಿಯೇ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಶುರು. ಜಾಯಿಂಟ್‌ಗೆ ನೀರು ಇಳಿದಿದೆ ಅನ್ನಿಸುತ್ತದೆ.

ಬರ್ನ್ ಮಾಡಲು (ಕರೆಂಟ್ ಹರಿಸಿ ಫಾಲ್ಟ್ ಸುಟ್ಟು ರೆಸಿಸ್ಟೆನ್ಸ್ ಇಳಿಸಲು) ಮನಸ್ಸಿಲ್ಲ: ಪೂರ್ತಿ ಶಾರ್ಟ್ ಆದರೆ ಕಿಡಿಯೂ ಇಲ್ಲ, ಸದ್ದೂ ಇಲ್ಲ.

ಒದ್ದೆ ಜಾಯಿಂಟ್‌ನಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ವೋಲ್ಟೇಜ್ ಏರಿಸದೆ ಕೆಪಾಸಿಟರ್ ಹೆಚ್ಚಿಸಿ ಸರ್ಜ್‌ನ ಶಕ್ತಿ ಕೂಡಿಸಿದರೆ ಸದ್ದು ಬರುತ್ತದೆಯೇ? ಜಾಯಿಂಟ್ ಪಕ್ಕ ಸುತ್ತಿಟ್ಟ ಹೆಚ್ಚುವರಿ ಕೇಬಲ್‌ಗೆ ಎಷ್ಟು ಮೀಟರ್ ಕಳೆಯುತ್ತೀರಿ?