ಸಹಾಯ ಬೇಕು: ಅಮ್ಮನ ತುಟಿಯಲ್ಲಿ ಗುಳ್ಳೆ, ಮನೆಯಲ್ಲಿ ಹಸುಗೂಸು

ಎಲ್ಲರಿಗೂ ನಮಸ್ಕಾರ. ತಂಗಿ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದು, ಮಗುವಿಗೆ ಇನ್ನೂ ತಿಂಗಳು ತುಂಬಿಲ್ಲ. ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವ ನಮ್ಮ ಅಮ್ಮನಿಗೆ, ಜ್ವರ ಬಂದು ಹೋದ ಮೇಲೆ, ಕೆಳತುಟಿಯ ಅಂಚಿನಲ್ಲಿ, ಪ್ರತಿ ಸಲ ಏಳುವ ಜಾಗದಲ್ಲೇ, ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು ಎದ್ದಿದೆ. ಇದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನಿಂದ ಬರುವುದೆಂದೂ, ದೊಡ್ಡವರಲ್ಲಿ ತಾನಾಗಿ ವಾಸಿಯಾಗುವ ಈ ಸೋಂಕು ನವಜಾತ ಶಿಶುವಿಗೆ ತಗುಲಿದರೆ ಮೆದುಳಿಗೂ ಹರಡಿ ಪ್ರಾಣಕ್ಕೇ ಅಪಾಯವಾಗಬಹುದೆಂದೂ ವೈದ್ಯರು ಎಚ್ಚರಿಸಿದ್ದಾರೆ. ಅವರು ಬರೆದುಕೊಟ್ಟ ಅಸೈಕ್ಲೋವಿರ್ ಮುಲಾಮನ್ನು ದಿನಕ್ಕೆ 5 ಬಾರಿ ಹಚ್ಚುತ್ತಿದ್ದೇವೆ. ಅಮ್ಮನ ಲೋಟ, ಟವೆಲ್ ಬೇರೆ ಇಟ್ಟಿದ್ದೇವೆ. ಮುದ್ದಿಡುವುದನ್ನೂ ಸ್ನಾನದ ನಂತರ ಮಗುವಿನ ಮೂಗಿಗೆ ಊದುವುದನ್ನೂ ಪೂರ್ತಿ ನಿಲ್ಲಿಸಿದ್ದೇವೆ. ಮೊಮ್ಮಗುವನ್ನು ದೂರದಿಂದಲೇ ನೋಡುತ್ತ ಕೂರುವುದು ಅಮ್ಮನಿಗೆ ಬಹಳ ಸಂಕಟವಾಗಿದೆ.

ಹಕ್ಕಳೆ ಉದುರಿ ಚರ್ಮ ಪೂರ್ತಿ ಕೂಡಿಕೊಂಡ ಮೇಲೆ ಮಗುವನ್ನು ಎತ್ತಿಕೊಳ್ಳಬಹುದೆಂದು ವೈದ್ಯರು ಹೇಳಿದರು. ಆದರೆ ಗುಳ್ಳೆ ಇಲ್ಲದಾಗಲೂ ಎಂಜಲಿನಲ್ಲಿ ವೈರಸ್ ಇರಬಹುದೆಂಬುದೂ ನಿಜವಾದ್ದರಿಂದ ನಮಗೆ ಗೊಂದಲವಾಗಿದೆ. ಮಕ್ಕಳ ವೈದ್ಯರಾಗಲಿ, ದಾದಿಯರಾಗಲಿ ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಗುಳ್ಳೆ ಮಾಗಿದ ಬಳಿಕ ಅಮ್ಮ ಸೋಪು ಹಾಕಿ ಕೈ ತೊಳೆದು, ಮಾಸ್ಕ್ ಧರಿಸಿ ನೀರೆರೆದರೆ ಸಾಕೇ, ಮುದ್ದಿಡುವುದನ್ನು ಮಗುವಿಗೆ ಎಷ್ಟು ತಿಂಗಳಾಗುವವರೆಗೆ ತಡೆಯಬೇಕು?