ರೆಪ್ರೆಸೆಂಟೇಷನ್‌ಗೆ ‘ಪ್ರಾತಿನಿಧ್ಯ’ ಸಾಕಾ?

ಎಲ್ಲರಿಗೂ ನಮಸ್ಕಾರ.

ಮಾಧ್ಯಮ ಅಧ್ಯಯನದ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ರೆಪ್ರೆಸೆಂಟೇಷನ್’ ಎಂಬಲ್ಲಿ ನಾಲ್ಕು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ. ಸುಮ್ನೆ ‘ಪ್ರಾತಿನಿಧ್ಯ’ ಅಂತ ಹಾಕಿ ಮುಂದೆ ಹೋಗಿದ್ದೆ. ಕರಡು ಓದಿದ ಗೆಳತಿ ಒಂದು ಸಾಲಿಗೆ ಗೆರೆ ಎಳೆದು ಕಳಿಸಿದಳು: ‘ಸುದ್ದಿವಾಹಿನಿಗಳಲ್ಲಿ ಮಹಿಳೆಯರ ಪ್ರಾತಿನಿಧ್ಯ’. ಪಕ್ಕದಲ್ಲೇ ಪ್ರಶ್ನೆ: ‘ಎಷ್ಟು ಜನ ಹೆಂಗಸರು ಅಲ್ಲಿ ಕೆಲಸಕ್ಕಿದ್ದಾರೆ ಅಂತಲಾ?’ ಅಲ್ಲ. ಹೆಂಗಸರನ್ನು ತೆರೆಯ ಮೇಲೆ ಹೇಗೆ ತೋರಿಸುತ್ತಾರೆ ಅನ್ನುವುದು ಅಲ್ಲಿನ ಮಾತು.

ಯಾರದೋ ಪರವಾಗಿ ನಿಲ್ಲುವುದು ಒಂದು. ಯಾರನ್ನೋ ‘ಇವರು ಹೀಗೆ’ ಅಂತ ತೋರಿಸುವುದು ಇನ್ನೊಂದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಜರ್ಮನ್‌ನಲ್ಲಿ ಮೊದಲನೆಯದು ‘ಫೆರ್‌ಟ್ರೇಟುಂಗ್’, ಎರಡನೆಯದು ‘ಡಾರ್‌ಸ್ಟೆಲುಂಗ್’. ಎರಡನ್ನೂ ಕಲಸಬೇಡಿ ಅಂತ ಸಾಹಿತ್ಯ ಚಿಂತಕಿ ಗಾಯತ್ರಿ ಸ್ಪಿವಾಕ್ 1988ರ ಪ್ರಬಂಧದಲ್ಲಿ ವಾದಿಸಿದ್ದು ಈ ಜರ್ಮನ್ ಪದಗಳನ್ನು ಹಿಡಿದೇ.

ಈ ಎರಡನೆಯದಕ್ಕೆ ‘ಬಿಂಬ’, ‘ಪ್ರತಿಬಿಂಬ’ ಅಂದರೆ ಕನ್ನಡಿ ಬಂದುಬಿಡುತ್ತದೆ. ಮಾಧ್ಯಮ, ಸಂಸ್ಕೃತಿಗಳ ಚಿಂತಕ ಸ್ಟುವರ್ಟ್ ಹಾಲ್ 1997ರಲ್ಲಿ ಸಂಪಾದಿಸಿದ ಪುಸ್ತಕದಲ್ಲಿ ಪಕ್ಕಕ್ಕೆ ಸರಿಸುವುದು ಈ ಕನ್ನಡಿಯನ್ನೇ. ಅರ್ಥ ಹೊರಗೆಲ್ಲೋ ಮೊದಲೇ ಸಿದ್ಧವಾಗಿ ಕೂತಿರುವುದಿಲ್ಲ, ತೋರಿಸುವಾಗಲೇ ಹುಟ್ಟುತ್ತದೆ ಅನ್ನುವುದು ಅವರ ನಿಲುವು. ‘ನಿರೂಪಣೆ’ಯನ್ನು ಟೀವಿ ನಿರೂಪಕರು ಆಗಲೇ ತೆಗೆದುಕೊಂಡಿದ್ದಾರೆ! ಉಳಿಯುವುದು ‘ಚಿತ್ರಣ’. ಚಿತ್ರ ಅಂದಮೇಲೆ ಅದನ್ನು ಯಾರೋ ಬರೆದಿರಲೇಬೇಕು, ಅಲ್ವಾ? ಕಾಣಿಸದ ರೇಡಿಯೊಗೂ ಒಗ್ಗುತ್ತದೆ, ಕಾದಂಬರಿಗೆ ‘ಪಾತ್ರಚಿತ್ರಣ’ ಅನ್ನುತ್ತೇವಲ್ಲ ಹಾಗೆ. ನನ್ನ ಮತ ಇದಕ್ಕೇ. ‘ಪ್ರಾತಿನಿಧ್ಯ’ ಲೆಕ್ಕದ ಮಾತು ಬಂದಾಗ ಇರಲಿ.

‘ಆಡಿಯನ್ಸ್’ ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ಅದರ ಲ್ಯಾಟಿನ್ ಬೇರಿಗೆ ಕೇಳುವುದು ಅಂತ ಅರ್ಥ. ನಮ್ಮ ‘ಪ್ರೇಕ್ಷಕ’ ನೋಡುವವನು. ಪತ್ರಿಕೆಯಾದರೆ ಓದುಗ. ಮೂವರಿಗೂ ಸೇರಿಸಿ ‘ಗ್ರಾಹಕ’ ಅನ್ನೋಣವೆಂದರೆ ಅಂಗಡಿ ನೆನಪಾಗುತ್ತದೆ. ‘ಸ್ವೀಕರಿಸುವವರು’ ಅಂದರೆ ಕೊಟ್ಟಿದ್ದನ್ನು ಬಾಯಿ ಮುಚ್ಚಿಕೊಂಡು ತೆಗೆದುಕೊಳ್ಳುವವರು ಅನ್ನಿಸುತ್ತದೆ. 1973ರಲ್ಲಿ ಹಾಲ್ ಹೇಳಿದ್ದು ಇದಕ್ಕೆ ತದ್ವಿರುದ್ಧ: ಒಂದೇ ಸುದ್ದಿಯಿಂದ ಬೇರೆಬೇರೆ ಜನ ಬೇರೆಬೇರೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ. ‘ಮುಷ್ಕರದಿಂದ ಜನರಿಗೆ ತೊಂದರೆ’ ಅನ್ನುವ ಸುದ್ದಿ ತೆಗೆದುಕೊಳ್ಳಿ. ಒಬ್ಬರು ‘ನಿಜ, ನಿಲ್ಲಿಸಬೇಕು’ ಅನ್ನುತ್ತಾರೆ. ಇನ್ನೊಬ್ಬರು ‘ತೊಂದರೆ ಹೌದು, ಆದರೆ ಅವರ ಸಂಬಳವೂ ಕಮ್ಮಿ’ ಅನ್ನುತ್ತಾರೆ. ಮತ್ತೊಬ್ಬರು ‘ಇದು ಮಾಲೀಕರ ಪರ ಬರೆದ ಸುದ್ದಿ’ ಅಂತ ಚಾನೆಲ್ ಬದಲಿಸುತ್ತಾರೆ.

ಹೀಗೆ ಅರ್ಥ ಮಾಡಿಕೊಳ್ಳುವ ಕೆಲಸಕ್ಕೆ, ಅಂದರೆ ‘ಡಿಕೋಡಿಂಗ್’ಗೆ, ‘ಬಿಡಿಸುವುದು’ ಅಂತ ಬರೆದಿದ್ದೆ. ಆಮೇಲೆ ಅನುಮಾನ ಬಂತು. ಒಗಟು ಬಿಡಿಸಿದರೆ ಉತ್ತರ ಒಂದೇ. ಇಲ್ಲಿ ಒಂದೇ ಅಲ್ಲ ಅನ್ನುವುದೇ ವಿಷಯ. ಆದರೆ ಕನ್ನಡದಲ್ಲಿ ಚಿತ್ರವನ್ನೂ ‘ಬಿಡಿಸುತ್ತೇವೆ’! ತೋರಿಸುವವರದೂ ಬಿಡಿಸುವ ಕೆಲಸ, ನೋಡುವವರದೂ ಬಿಡಿಸುವ ಕೆಲಸ. ಪಾಠಕ್ಕೆ ಗೊಂದಲವೇನೋ ನಿಜ, ಬಿಡೋಕೆ ಮಾತ್ರ ಮನಸ್ಸಾಗುತ್ತಿಲ್ಲ.

ನೋಡುಗ, ಕೇಳುಗ, ಓದುಗ ಮೂವರೂ ಒಳಗೆ ಬರುವ ಪದ ಯಾರಾದರೂ ಬಳಸಿದ್ದೀರಾ? ‘ಆಡಿಯನ್ಸ್’ ಅಂತಲೇ ಬಿಟ್ಟರೂ ಬೇಜಾರಿಲ್ಲ. ಆದರೆ ಅದನ್ನು ಬಹುವಚನ ಮಾಡುವುದು ಹೇಗೆ?